ದಾಖಲಾತಿ ಪುಸ್ತಕದ ಜೂನ್ ಒಂದು

2019. ಸಾತನೂರಿನ ಬಳಿಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯ. ನಿವೃತ್ತಿಗೆ ಎರಡು ತಿಂಗಳಿತ್ತು. 1980ರಲ್ಲಿ ನೌಕರಿ ಶುರುಮಾಡಿದ್ದೂ ಅಲ್ಲೇ. ಕಾರ್ಗಿಲ್ ಯುದ್ಧದಲ್ಲಿ ಮಡಿದ ಊರಿನ ಹುಡುಗ ಶಿವಲಿಂಗನ ಹೆಸರಿನಲ್ಲಿ ಶಾಲೆಯ ಮುಂದೆ ಕಲ್ಲು ನಿಲ್ಲಿಸಬೇಕೆಂದು ಊರವರು ತೀರ್ಮಾನಿಸಿದರು. ಅದರ ಮೇಲೆ ಕೆತ್ತಲು ಅವನ ಬದುಕನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ದಾಖಲಾತಿ ಪುಸ್ತಕ ತೆಗೆದೆ. 1985ನೇ ಸಾಲಿನಲ್ಲಿ ಅವನ ಹೆಸರು, ಜನ್ಮದಿನಾಂಕ 1-6-1979. ಅಕ್ಷರ ನನ್ನದೇ. ಆಗ ಹಳ್ಳಿಗಳಲ್ಲಿ ಹುಟ್ಟಿದ ದಿನ ಬರೆದಿಡುವವರು ಕಡಿಮೆ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ಆರು ವರ್ಷ, ತಾರೀಖು ಜೂನ್ ಒಂದು. ನನ್ನ ಕೃಪೆಯಿಂದ ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನ ಎಂದು ನಾನೇ ನಗುತ್ತಿದ್ದೆ.

ಕಲ್ಲಿಗೆ ನಿಜವಾದ ದಿನ ಸಿಕ್ಕರೆ ಚೆನ್ನ ಎಂದು ಅವನ ತಾಯಿ ಪುಟ್ಟಮ್ಮನ ಮನೆಗೆ ಹೋದೆ. ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತಾ ಕೂತಿದ್ದರು.

"ಊರಿಗೆ ಕರೆಂಟ್ ಬಂದ ವರ್ಸ ಕಣ್ ಮೇಷ್ಟ್ರೇ, ರಾಗಿ ಕುಯ್ಯೋ ಟೈಮಲ್ಲಿ," ಎಂದರು.

ಕರೆಂಟ್ ಬಂದದ್ದು ನಾನು ಊರಿಗೆ ಬಂದ ವರ್ಷವೇ, 1980. ಅಂದರೆ ಶಾಲೆಗೆ ಸೇರಿದಾಗ ಹುಡುಗನಿಗೆ ನಾಲ್ಕೂವರೆ. ಮನೆಯಲ್ಲಿ ಹುಳುಗಳು ಗೂಡು ಕಟ್ಟುವ ಹೊತ್ತು, ನೋಡಿಕೊಳ್ಳುವವರಿಲ್ಲದೆ ಶಾಲೆಗೆ ತಂದು ಬಿಟ್ಟಿದ್ದರಂತೆ. ಕೈ ಉದ್ದವಿತ್ತು, ಕಿವಿ ಮುಟ್ಟಿತ್ತು.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 1997ರ ಕೊನೆಯಲ್ಲಿ ಸೈನ್ಯಕ್ಕೆ ಸೇರಿದಾಗ ಕಾಗದದಲ್ಲಿ ಹದಿನೆಂಟೂವರೆ, ನಿಜಕ್ಕೆ ಹದಿನೇಳು. ಹದಿನೇಳೂವರೆ ತುಂಬದವರನ್ನು ಭರ್ತಿ ಮಾಡಿಕೊಳ್ಳುವುದಿಲ್ಲ. ನಾನು ಸರಿಯಾಗಿ ಬರೆದಿದ್ದರೆ ಅವನನ್ನು ವಾಪಸ್ ಕಳಿಸುತ್ತಿದ್ದರು. ಮುಂದಿನ ಭರ್ತಿಗೆ ಹೋಗಿದ್ದರೂ ಯುದ್ಧದ ಹೊತ್ತಿಗೆ ಇನ್ನೂ ತರಬೇತಿಯಲ್ಲೇ ಇರುತ್ತಿದ್ದನೇನೋ. ಸತ್ತಾಗ ಇಪ್ಪತ್ತು ವರ್ಷ ಎಂದು ಎಲ್ಲರೂ ಹೇಳುತ್ತಿದ್ದರು, ಹತ್ತೊಂಬತ್ತೂ ತುಂಬಿರಲಿಲ್ಲ.

ಮುಚ್ಚಿಡಲು ಮನಸ್ಸಾಗಲಿಲ್ಲ. ತಪ್ಪು ನನ್ನದೆಂದು, ಅದರಿಂದ ಏನಾಯಿತೆಂದು ಬಿಡಿಸಿ ಹೇಳಿದೆ. ಕಲ್ಲಿನ ಮೇಲಾದರೂ ನಿಜವಾದ ವರ್ಷ ಹಾಕಿಸುತ್ತೇನೆ ಎಂದೆ. ಪುಟ್ಟಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದರು.

"ಬ್ಯಾಡಿ ಮೇಷ್ಟ್ರೇ, ನೀವ್ ಬರ್ದಿದ್ದೇ ಇರ್ಲಿ," ಎಂದರು. "ಕಲ್ ಮ್ಯಾಗಾದ್ರೂ ಒಂದೂವರೆ ವರ್ಸ ಜಾಸ್ತಿ ಬದುಕ್ಲಿ ನನ್ ಮಗ."

ಕಲ್ಲಿನ ಮೇಲೆ ಈಗಲೂ 1-6-1979 ಎಂದೇ ಇದೆ. ಎಷ್ಟೋ ಮಕ್ಕಳ ಕಿವಿ ಮುಟ್ಟಿಸಿ ನಾನು ವಯಸ್ಸು ಬರೆದೆ. ಪಕ್ಕದಲ್ಲೇ ನಿಂತಿದ್ದ ತಾಯಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ನೌಕರಿ ನನಗೆ ಕಲಿಸಿದ ದೊಡ್ಡ ಪಾಠ ಅದು. ಕಲಿಯುವ ಹೊತ್ತಿಗೆ ಎರಡು ತಿಂಗಳ ನೌಕರಿಯಷ್ಟೇ ಉಳಿದಿತ್ತು.