ಚಹಾ ಮುಟ್ಟದ ವರ

ನಾನು ದಾಂಡೇಲಿಯ ಕಾಗದದ ಕಾರ್ಖಾನೆಗೆ ಸೇರಿದ ಕಾಲದಲ್ಲಿ ಪಕ್ಕದ ಮನೆಯಲ್ಲಿ ಹಳಿಯಾಳದ ಕಡೆಯ ತರುಣನೊಬ್ಬ ತಾಯಿಯೊಂದಿಗೆ ಇದ್ದ. ಮೀಸೆ ಬಲಿಯುವ ವಯಸ್ಸಿಗೇ ಅವನಿಗೆ ಸಕ್ಕರೆ ಕಾಯಿಲೆ. ಅವನ ಅಣ್ಣ ಅದರಿಂದಲೇ ತೀರಿಕೊಂಡಿದ್ದ. ಡಾಕ್ಟರು ಗುಳಿಗೆ ಕೊಟ್ಟು, ದಿನವೂ ಬೆವರಿಳಿಯುವಂತೆ ನಡೆಯಲು ಹೇಳಿದ್ದರು.

ಕಾರ್ಖಾನೆಯಲ್ಲಿ ಪಾಳಿ ಮುಗಿದದ್ದೇ ಅವನು ಕೋಗಿಲಬನದ ಕಡೆ ಬಿರಬಿರನೆ ಹೊರಡುತ್ತಿದ್ದ. ಮಳೆ ಜಡಿಯುವಾಗ ನಾನು, "ಇವತ್ತೊಂದಿನ ಬಿಡಪಾ" ಎಂದರೆ, "ಮೈಗೆ ರಜಾ ಇಲ್ಲರಿ" ಎನ್ನುತ್ತಿದ್ದ. ವರ್ಷ ತುಂಬುವುದರೊಳಗೆ ಆಯಾಸ ಹೋಗಿ ಮುಖಕ್ಕೆ ಕಳೆ ಬಂತು. ಡಾಕ್ಟರು ಗುಳಿಗೆ ಕಡಿಮೆ ಮಾಡಿದರು.

ಆಗ ಮುಂಡಗೋಡದ ಹತ್ತಿರ ಅವನಿಗೆ ಹೆಣ್ಣು ನೋಡಲು ಹೋದೆವು. "ಬ್ಯಾನಿ ಮಾತು ತಗೀಬ್ಯಾಡೋ" ಎಂದು ತಾಯಿ ದಾರಿಯುದ್ದಕ್ಕೂ ಬೇಡಿಕೊಂಡಿದ್ದರು. ಹುಡುಗಿ ಚಹಾ ತಂದಿಟ್ಟಳು. ಅವನು ಕಪ್ಪು ಮುಟ್ಟದೆ ಅವಳ ತಂದೆಗೆ ಹೇಳಿದ: "ನನಗ ಸಕ್ರಿ ಬ್ಯಾನಿ ಐತ್ರಿ. ನಮ್ಮಣ್ಣ ಇದರಾಗ ಹೋದ. ದಿನಾ ನಡದು ನಡದು ಈಗ ಆರಾಮ ಅದೇನಿ. ಆದ್ರ ಪೂರಾ ವಾಸಿ ಆಗೇತಿ ಅಂತ ಹೇಳಾಕ ಬರೂದಿಲ್ಲ."

ತಂದೆ, "ತಪ್ಪು ತಿಳೀಬ್ಯಾಡ್ರಿ" ಎಂದು ಕೈ ಮುಗಿದರು.

ನಿಲ್ದಾಣಕ್ಕೆ ಬಂದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ತಾಯಿಯನ್ನು ನನ್ನ ಬಳಿ ಕೂರಿಸಿ ಅವನು ಒಬ್ಬನೇ ರಸ್ತೆಗುಂಟ ನಡೆದುಬಿಟ್ಟ. ಅಷ್ಟರಲ್ಲಿ ಹುಡುಗಿಯ ತಂದೆ ಏದುಸಿರು ಬಿಡುತ್ತ ಬಂದರು.

"ಮಗಳು ಕೇಳವಲ್ಲಳ್ರಿ. ಖರೇ ಹೇಳಿದವರ ಕೂಡನ ಬಾಳೇ ಮಾಡ್ತೇನಿ ಅಂತಾಳ."

ತಾಯಿ ಎದ್ದು ಮಗನ ಹಿಂದೆ ಬಿರಬಿರನೆ ಹೆಜ್ಜೆ ಹಾಕಿದರು. ಅವನ ನಡಿಗೆಯನ್ನು ಹಿಡಿಯಲಾಗಲಿಲ್ಲ. ನಾನೇ ಕೂಗಿದೆ.