ಐರ್ಲೆಂಡಿನ ಸಂತೆಯಲ್ಲಿ ಅವ್ವನ ಕಾವಲು

"ಯಾವಳೋ ಪುಣ್ಯಾತ್ಗಿತ್ತಿ ಅಂಗಡಿ ಬುಟ್ಟು ಎತ್ತಗೋ ಓಗವ್ಳೆ. ಅವ್ಳು ಬರಗಂಟ ನಾನಿಲ್ಲಿಂದ ಕದಲಾಕಿಲ್ಲ ಕಣವ್ವ!"

ಗೆಳೆಯರೇ, ಇದು ನಮ್ಮವ್ವ. ನನ್ನ ಬಾಣಂತನಕ್ಕೆಂದು ಕೊಳ್ಳೇಗಾಲದಿಂದ ಐರ್ಲೆಂಡಿಗೆ ಬಂದಿದ್ದಾಳೆ. ಇವತ್ತು ಹಳ್ಳಿಗಾಡಿನ ಹಳೆಯ ಸಂತೆಯ ಊರೊಂದನ್ನು ತೋರಿಸಲು ಕರೆತಂದಿದ್ದೇನೆ. ನೂರಾರು ವರ್ಷದ ಕಲ್ಲಿನ ಮಾರುಕಟ್ಟೆ, ಅದರ ಕಮಾನುಗಳು, ಕುದುರೆಗಾಡಿಗಳು ಓಡಾಡಿ ಸವೆದ ನೆಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವ್ವನ ಕಣ್ಣು ಮಾತ್ರ ಕಮಾನಿನಡಿಯ ಮೇಜಿನ ಮೇಲೆ ನೆಟ್ಟಿತ್ತು. ಅಲ್ಲಿ ಮೊಟ್ಟೆ, ಆಲೂಗಡ್ಡೆ, ಒಂದು ದುಡ್ಡಿನ ಡಬ್ಬಿ ಇದ್ದವು. ಮಾರುವವರೇ ಇರಲಿಲ್ಲ.

"ಇಲ್ಲಿ ಅಂಗೇ ಕಣವ್ವ. ತಕಂಡೋರೇ ದುಡ್ಡು ಆಕ್ಬುಟ್ಟು ಓಯ್ತರೆ" ಎಂದೆ.

ಅವ್ವ ನಂಬಲಿಲ್ಲ. ಜೀವಮಾನವೆಲ್ಲ ಕೊಳ್ಳೇಗಾಲದ ಸಂತೆಯಲ್ಲಿ ಸೊಪ್ಪು ಮಾರಿದವಳು. ಪಕ್ಕದವಳು ಟೀ ಕುಡಿಯಲು ಎದ್ದರೆ ಅವಳ ಗುಡ್ಡೆ ಕಾಯುವುದು ಅಲ್ಲಿಯ ಧರ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದೆ ನಿಂತೇಬಿಟ್ಟಳು.

ಕೊನೆಗೂ ಅಂಗಡಿಯ ಒಡತಿ ನಾಯಿ ಹಿಡಿದುಕೊಂಡು ಬಂದಳು. ನಾನು ನಾಚಿಕೊಂಡೇ ವಿಷಯ ಹೇಳಿದೆ. ಆಕೆ ಅವ್ವನ ಎರಡೂ ಕೈ ಹಿಡಿದುಕೊಂಡು, "ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ನೋಡಿಕೊಳ್ಳಲು ಹೇಳು, ನಾನು ಊಟ ಮಾಡಿ ಬರುತ್ತೇನೆ" ಎಂದವಳೇ ಹೋಗಿಬಿಟ್ಟಳು!

ಅವ್ವ ಬೆರಗಾಗಿ ನಿಂತಳು. "ನನ್ನ ಎಸ್ರೂ ಕೇಳ್ನಿಲ್ವಲ್ಲೇ ಅವ್ಳು!"

ಊರು ನೋಡುವುದು ಹಾಗೇ ಉಳಿದಿದೆ. ಮಗು ತನ್ನ ತಳ್ಳುಗಾಡಿಯಲ್ಲಿ ಮಲಗಿದೆ, ನಾನು ಆಲೂಗಡ್ಡೆ ಮೂಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವ್ವ ಬಂದ ಗಿರಾಕಿಗಳಿಗೆಲ್ಲ ಎರಡೆರಡು ಆಲೂಗಡ್ಡೆ ಕೊಸರು ಹಾಕುತ್ತಿದ್ದಾಳೆ. ಬೇಡವೆಂದರೆ ನನಗೇ ಗದರುತ್ತಾಳೆ: "ಸುಮ್ಕಿರು, ನಂಬ್ಕಂಡು ಓಗವ್ಳೆ. ಅವ್ಳ ಯಾಪಾರ ಕೆಡ್ಬಾರ್ದು!"