ಗಂಜಿ ಹಚ್ಚಿದ ಹೊಸ ಬಟ್ಟೆ

ಬಸುರಿನ ನಾಲ್ಕನೇ ತಿಂಗಳಲ್ಲಿ ಬಿಳಿಸೆರಗು ಹೋಗುವುದು ಮತ್ತೆ ಶುರುವಾಯಿತು. ವಾಸನೆಯೂ ಅದೇ. ಹೋದ ಸಲ ಹೀಗೇ ಆಗಿ, ಆರನೇ ತಿಂಗಳಿಗೇ ಹೆರಿಗೆ ನೋವು ಬಂದಿತ್ತು. ಹೆಣ್ಣು ಮಗು.

ಅದು ಅಳಲೇ ಇಲ್ಲ.

ಈ ಸಲ ರಬಕವಿಯಿಂದ ಜಮಖಂಡಿಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ನೋಡಿ ಹೇಳಿದರು: "ಬಸುರಾದಾಗ ಒಳಗ ಛಲೋ ಬ್ಯಾಕ್ಟೀರಿಯಾ ಹೆಚ್ಚಾಗಿ ಕೂಸಿನ ಕಾವಲು ಕಾಯ್ತಾವ್ರಿ. ನಿಮ್ಮಲ್ಲಿ ಅವು ಕಡಿಮಿ ಆಗ್ಯಾವು. ಕೆಟ್ಟವು ಠಿಕಾಣಿ ಹೂಡ್ಯಾವು."

ಮಾತ್ರೆ ನುಂಗಿದೆ. ನಿಂತಿತು. ಮತ್ತೆ ಬಂತು.

ಅಲ್ಲಿಂದ ನನಗೆ ಎಲ್ಲರ ಮೇಲೂ ಸಂಶಯ. ಮೊದಲು ಗಂಡನ ಮೇಲೆ. ನೂಲು ತರಲು ಹೋದವನು ತಡವಾಗಿ ಬಂದರೆ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ನಲ್ಲಿ ನೀರಿನ ಮೇಲೆ, ಲ್ಯಾಬಿನ ಮೇಲೆ, ಅತ್ತೆ ಕುಡಿಸುವ ಕಷಾಯದ ಮೇಲೆ. "ಏನ್ ಹಾಕೀರಿ ಇದಕ್ಕ?" ಎಂದು ಕೇಳಿಯೇಬಿಟ್ಟೆ. ಅತ್ತೆ ತಾವೇ ಒಂದು ಗುಟುಕು ಕುಡಿದರು. "ನನಗೇನರ ಆತೇನ್ ಬೇ?" ಎಂದರು. ಅವರ ಮುಖ ಸಣ್ಣಗಾಗಿತ್ತು. ನನಗೆ ನಾಚಿಕೆಯಾಯಿತು, ಆದರೂ ಸಂಶಯ ಹೋಗಲಿಲ್ಲ.

ಒಂದರ ಮೇಲೆ ಮಾತ್ರ ಸಂಶಯ ಬಂದಿರಲಿಲ್ಲ. ನಮ್ಮಂಥ ನೇಕಾರರ ಮನೆಯಲ್ಲಿ ಮಗ್ಗದಿಂದ ಇಳಿದ ಹೊಸ ಬಟ್ಟೆಗಿಂತ ಶುದ್ಧವಾದದ್ದು ಬೇರೆ ಇಲ್ಲ. ಸೀರೆ ಕತ್ತರಿಸಿದಾಗ ಉಳಿಯುವ ತುದಿಯ ತುಂಡನ್ನು ನೀರೂ ಮುಟ್ಟಿಸದೆ ಮಡಚಿ, ಪ್ಯಾಡಿನ ಬದಲು ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಬಚ್ಚಲಲ್ಲಿ ಒದ್ದೆ ತುಂಡು ಎತ್ತಿಕೊಂಡಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ನನಗೆ ಗೊತ್ತಿರುವ ವಾಸನೆ. ನೂಲಿಗೆ ಹಚ್ಚಿ ಉಳಿದ ಗಂಜಿ ಮರುದಿನ ಹೀಗೇ ನಾರುತ್ತದೆ. ತೊಳೆಯದ ಬಟ್ಟೆಯಲ್ಲೂ ಅದೇ ಗಂಜಿ.

ಹೊಸದು ಎಂದೇ ಅದನ್ನು ಶುದ್ಧವೆಂದು ನಂಬಿದ್ದೆ.

ತುಂಡನ್ನು ಒಯ್ದು ಡಾಕ್ಟರಮ್ಮನ ಮುಂದಿಟ್ಟೆ. "ಇದರಿಂದನ ಅಂತ ಗಟ್ಟಿ ಹೇಳಾಕ ಆಗಂಗಿಲ್ರಿ. ಆದ್ರ ಇವತ್ತಿಂದ ಬಿಟ್ಟಬಿಡ್ರಿ" ಎಂದರು. ಬಿಟ್ಟೆ. ಮಾತ್ರೆಯ ಇನ್ನೊಂದು ಕೋರ್ಸ್ ಮುಗಿಸಿದೆ. ಮುಂದಿನ ಸ್ವಾಬ್‌ನಲ್ಲಿ ಒಳ್ಳೆಯವು ಹೆಚ್ಚಿವೆ ಎಂದರು. ನಂಬದೆ ಬೇರೆ ಲ್ಯಾಬಿನಲ್ಲೂ ಮಾಡಿಸಿದೆ. ಆರನೇ ತಿಂಗಳು ದಾಟುವವರೆಗೆ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

ದಿನ ತುಂಬಿ ಮಗ ಹುಟ್ಟಿದ.

ಅತ್ತ.

ಅದು ಬಟ್ಟೆ ಬಿಟ್ಟದ್ದಕ್ಕೋ ಮಾತ್ರೆಗೋ ನನಗೆ ಈಗಲೂ ತಿಳಿಯದು. ಅವನನ್ನು ಸುತ್ತಲು ಅತ್ತೆ ತಮ್ಮ ಮಗ್ಗದ ತುಂಡೊಂದನ್ನು ತಂದರು. ನಾನು ಬಾಯಿ ತೆರೆಯುವ ಮೊದಲೇ, "ಗಂಜಿ ಹೋಗೂತನಕ ಕುದಿಸೇನಿ. ಬೇಕಂದ್ರ ಮೂಸಿ ನೋಡು" ಎಂದರು.

ಮೂಸಿಯೇ ನೋಡಿದೆ. ಆಮೇಲೆ ಕೂಸನ್ನು ಅವರ ಕೈಗೆ ಕೊಟ್ಟೆ.